ಶಿಶಿಲದ ಮತ್ಸ್ಯತೀರ್ಥ

ದಕ್ಷಿಣ ಕನ್ನಡ ಜಿಲ್ಲೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಪಶ್ಚಿಮ ಘಟ್ಟದ ಬುಡದಲ್ಲಿರುವ ಊರು. ಇಲ್ಲಿನ ಶಿಶಿಲೇಶ್ವರ ದೇವಸ್ಥಾನದ ಪಕ್ಕದಲ್ಲೇ ಹರಿಯುವ ಕಪಿಲಾ ನದಿಯ ಮಡುವಿಗೆ ಮತ್ಸ್ಯತೀರ್ಥವೆಂದು ಹೆಸರು. ಇಲ್ಲಿ ಮೀನು ಹಿಡಿಯುವಂತಿಲ್ಲ. ಅವು ದೇವರ ಮೀನು.

ಹೆಸರುವಾಸಿಯಾದದ್ದು ಮಹಶೀರ್, ತುಳುವರ ಪೆರುವೋಳು. ಬೆನ್ನು ಕಪ್ಪು, ಹುರುಪೆ ದೊಡ್ಡದು, ಬಾಯಿಯ ಬದಿಯಲ್ಲಿ ಎರಡು ಜೊತೆ ಮೀಸೆ. ಹೊಳೆಗೆ ಉದುರಿದ ಕಾಡುಹಣ್ಣು, ಏಡಿ, ಹುಳುಹುಪ್ಪಟೆ ಎಲ್ಲವೂ ಇದಕ್ಕೆ ಆಹಾರ. ಬಾಯಲ್ಲಿ ಹಲ್ಲಿಲ್ಲ, ಗಟ್ಟಿ ಪದಾರ್ಥವನ್ನು ಅರೆಯುವ ಹಲ್ಲುಗಳಿರುವುದು ಗಂಟಲಲ್ಲಿ. ಮೆಟ್ಟಿಲ ಮೇಲಿಂದ ಹಿಡಿ ಅಕ್ಕಿಯನ್ನೋ ಮಂಡಕ್ಕಿಯನ್ನೋ ಎರಚಿದರೆ ಸಾಕು, ನೀರೇ ಕಾಣದಷ್ಟು ಬೆನ್ನುಗಳು ಒತ್ತೊತ್ತಾಗಿ ಮೇಲೇಳುತ್ತವೆ. ಚರ್ಮರೋಗ ವಾಸಿಯಾಗಲೆಂದು ಮೀನಿಗೆ ಅಕ್ಕಿ ಹಾಕುವ ಹರಕೆ ಹೊರುವವರೂ ಇದ್ದಾರೆ.

ಬೇಸಿಗೆಯಲ್ಲಿ ಹೀಗೆ ಮಡುವಿನಲ್ಲಿ ಗುಂಪುಗೂಡುವ ಮೀನು ಮಳೆಗಾಲದಲ್ಲಿ ಚದುರುತ್ತದೆ. ಹೊಳೆ ತುಂಬಿದಾಗ ಮಹಶೀರ್ ಪ್ರವಾಹಕ್ಕೆದುರಾಗಿ ಈಜಿ, ನುಣುಪುಗಲ್ಲಿನ ತಿಳಿನೀರಿನ ಜಾಗ ಹುಡುಕಿ ಕಂತುಕಂತಾಗಿ ಮೊಟ್ಟೆ ಇಡುತ್ತದೆ. ಕೆನಡಾದ ಗೋಲ್ಡ್‌ಸ್ಟ್ರೀಮ್ ಉದ್ಯಾನದಲ್ಲಿ ಪ್ರತಿ ಶರತ್ಕಾಲ ಜನ ನೋಡಲು ನೆರೆಯುವ ಸಾಲ್ಮನ್ ಯಾತ್ರೆಗೂ ಇದಕ್ಕೂ ಹೋಲಿಕೆ ಇದೆ. ಆದರೆ ಪೆಸಿಫಿಕ್ ಸಾಲ್ಮನ್ ಸಮುದ್ರದಿಂದ ಬಂದು, ಮೊಟ್ಟೆ ಇಟ್ಟು ಸಾಯುತ್ತದೆ. ಮಹಶೀರ್ ಇಡೀ ಆಯುಷ್ಯವನ್ನು ಸಿಹಿನೀರಿನಲ್ಲೇ ಕಳೆದು, ವರ್ಷವರ್ಷವೂ ಮರಿ ಮಾಡಬಲ್ಲದು.

ತೊಡಕಿರುವುದು ಇಲ್ಲೇ. ದೇವರ ಭಯ ಕಾಯುವುದು ದೇವಸ್ಥಾನದ ಮುಂದಿನ ಮಡುವನ್ನು. ಮೀನಿಗೆ ಬೇಕಾದದ್ದು ಇಡೀ ಹೊಳೆ. ಮಡುವಿನ ಎಲ್ಲೆ ದಾಟಿದರೆ ಬಲೆ, ವಿಷ, ತೋಟೆ ಯಾವುದು ಬೇಕಾದರೂ ಎದುರಾಗಬಹುದು. ನಡುವೆ ಅಣೆಕಟ್ಟು ಬಂದರೆ ಮೇಲಿನ ದಾರಿಯೇ ಮುಚ್ಚಿತು. ಮರಳು ತೆಗೆದರೆ ಮೊಟ್ಟೆ ಇಡುವ ನೆಲವೇ ಹೋಯಿತು.

ಮಡುವೂ ಪೂರ್ತಿ ಸುರಕ್ಷಿತವಲ್ಲ. 1996ರಲ್ಲಿ ಕಿಡಿಗೇಡಿಗಳು ನೀರಿಗೆ ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತವು. ಸತ್ತ ಮೀನುಗಳಿಗಾಗಿ ಸ್ಮಾರಕ ಕಟ್ಟಿದ ಊರು ಎಷ್ಟಿದ್ದೀತು? ಶಿಶಿಲದಲ್ಲಿ ಅದೂ ಇದೆ.

ತುಂಗೆಯ ದಡದಲ್ಲಿ ಶೃಂಗೇರಿಯ ಮೀನುಗಳನ್ನೂ ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯ ಮತ್ಸ್ಯಧಾಮವನ್ನೂ ಕಾಪಾಡಿರುವುದು ಇಂಥದೇ ನಂಬಿಕೆ. ಆದರೆ ಕಾಡು ಮತ್ತು ಬೆಟ್ಟ ಇಷ್ಟು ಹತ್ತಿರವಿರುವುದು ಶಿಶಿಲದ ಹೆಚ್ಚುಗಾರಿಕೆ. ಎತ್ತಿನ ಭುಜ ಶಿಖರ ಇದರ ನೆತ್ತಿಯ ಮೇಲೇ ಇದೆ.

ಮಳೆಗಾಲದಲ್ಲಿ ಹೋದವರಿಗೆ ಕಾಣುವುದು ಕೆಂಪು ನೀರು ಮಾತ್ರ. ಮೀನು ನೋಡಬೇಕೆನ್ನುವವರು ಡಿಸೆಂಬರಿನಿಂದ ಮೇ ತಿಂಗಳೊಳಗೆ ಹೋಗಬೇಕು. ಅಕ್ಕಿ ತಂದ ಪ್ಲಾಸ್ಟಿಕ್ ಚೀಲವನ್ನು ಮಾತ್ರ ಹೊಳೆಗೆ ಬಿಡದೆ ಮನೆಗೆ ಒಯ್ಯಬೇಕು.