ಹಳೆಯ ಡೀಸೆಲ್ ಸ್ಟೇಷನ್ ವ್ಯಾಗನ್‌ಗೆ ಬದಲಿ ಟೈರ್ ಗಾತ್ರದ ಆಯ್ಕೆ

ಕಾರ್ಖಾನೆಯಿಂದ ಬಂದ ಗಾತ್ರದ ಟೈರ್ ಮಾರುಕಟ್ಟೆಯಲ್ಲಿ ವಿರಳವಾದಾಗ ಅಥವಾ ರಿಮ್ ಬದಲಾದಾಗ, ವಾಹನದ ಭಾರಕ್ಕೂ ಗೇರಿನ ಅನುಪಾತಕ್ಕೂ ಮಡ್‌ಗಾರ್ಡ್ ಒಳಗಿನ ಜಾಗಕ್ಕೂ ಹೊಂದುವ ಬೇರೆ ಗಾತ್ರವನ್ನು ಹುಡುಕಬೇಕಾಗುತ್ತದೆ. ಸ್ಟೇಷನ್ ವ್ಯಾಗನ್ ಸರಕು ಹೊರುವ ಕಾರು. ಆದ್ದರಿಂದ ಇಲ್ಲಿ ಮೊದಲು ಭಾರ, ನಂತರ ವ್ಯಾಸ, ಆಮೇಲೆ ರಿಮ್ ಮತ್ತು ಅಗಲ ಎಂಬ ಕ್ರಮದಲ್ಲಿ ಪರಿಶೀಲಿಸುವುದು ಸುರಕ್ಷಿತ. ನೋಟದ ಪ್ರಶ್ನೆ ಎಲ್ಲಕ್ಕಿಂತ ಕೊನೆಯದು. ಈ ಲೇಖನವು ಮರ್ಸಿಡಿಸ್-ಬೆಂಜ್‌ನ 123 ಸರಣಿಯ ಡೀಸೆಲ್ ವ್ಯಾಗನ್‌ಗಳನ್ನು ಮಾದರಿಯಾಗಿ ಇಟ್ಟುಕೊಂಡು ಈ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

123 ಸರಣಿಯ ವ್ಯಾಗನ್ 1977ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. 1978ರಲ್ಲಿ ಜರ್ಮನಿಯ ಬ್ರೆಮೆನ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ಆರಂಭವಾಗಿ 1986ರ ಆರಂಭದವರೆಗೆ ನಡೆಯಿತು. ಒಟ್ಟು ಸುಮಾರು ಎರಡು ಲಕ್ಷ ವ್ಯಾಗನ್‌ಗಳು ತಯಾರಾದವು. ಡೀಸೆಲ್ ಮಾದರಿಗಳಲ್ಲಿ ನಾಲ್ಕು ಸಿಲಿಂಡರಿನ 240 ಟಿಡಿ ಮತ್ತು ಐದು ಸಿಲಿಂಡರಿನ 3 ಲೀಟರ್ ಓಎಂ 617 ಎಂಜಿನ್ನಿನ 300 ಟಿಡಿ ಮುಖ್ಯವಾದವು. 1980ರಲ್ಲಿ 125 ಅಶ್ವಶಕ್ತಿಯ ಟರ್ಬೊ ಎಂಜಿನ್ ಸೇರಿಕೊಂಡಿತು. ಈ ಎಂಜಿನ್‌ಗಳ ಬಾಳಿಕೆ ದೊಡ್ಡದು. ಅನೇಕ ವ್ಯಾಗನ್‌ಗಳು ಇಂದಿಗೂ ರಸ್ತೆಯಲ್ಲಿರುವುದರಿಂದಲೇ ಟೈರಿನ ಪ್ರಶ್ನೆಯೂ ಜೀವಂತವಾಗಿದೆ.

ಈ ಸರಣಿಯ ಸಣ್ಣ ಎಂಜಿನ್ನಿನ ಸೆಡಾನ್‌ಗಳಿಗೆ 175 ಆರ್ 14 ಟೈರ್ ಇದ್ದರೆ, ವ್ಯಾಗನ್‌ಗೆ ಅಗಲವಾದ 195/70 ಆರ್ 14 ಬಂದಿತ್ತು. ಹೊಸ ಕಾರುಗಳು 15 ಇಂಚು ಮತ್ತು ಅದಕ್ಕೂ ದೊಡ್ಡ ರಿಮ್‌ಗಳಿಗೆ ಸರಿದಂತೆ ಈ ಗಾತ್ರದಲ್ಲಿ ಆಯ್ಕೆ ಕಡಿಮೆಯಾಗುತ್ತ ಬಂದಿದೆ.

ಗಾತ್ರದ ಬರಹವನ್ನು ಓದುವುದು

195/70 ಆರ್ 14 ಎಂಬಲ್ಲಿ 195 ಎಂದರೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 70 ಎಂದರೆ ಪಕ್ಕದ ಎತ್ತರ ಆ ಅಗಲದ ಶೇ. 70 ಎಂದರ್ಥ. ‘ಆರ್’ ರೇಡಿಯಲ್ ರಚನೆಯನ್ನೂ 14 ರಿಮ್ಮಿನ ವ್ಯಾಸವನ್ನೂ (ಇಂಚುಗಳಲ್ಲಿ) ಹೇಳುತ್ತವೆ. ಇಷ್ಟರಿಂದ ಟೈರಿನ ಒಟ್ಟು ವ್ಯಾಸವನ್ನು ಲೆಕ್ಕ ಹಾಕಬಹುದು. ಪಕ್ಕದ ಎತ್ತರ 136.5 ಮಿ.ಮೀ. ಅದು ಮೇಲೆ ಒಮ್ಮೆ, ಕೆಳಗೆ ಒಮ್ಮೆ ಬರುವುದರಿಂದ 273 ಮಿ.ಮೀ. ಅದಕ್ಕೆ 14 ಇಂಚಿನ 355.6 ಮಿ.ಮೀ. ಕೂಡಿಸಿದರೆ 628.6 ಮಿ.ಮೀ. ಬರುತ್ತದೆ. ಬದಲಿ ಗಾತ್ರಗಳನ್ನೆಲ್ಲ ಈ ಅಂಕಿಯೊಂದಿಗೆ ಹೋಲಿಸಬೇಕು.

ಹಳೆಯ ಬರಹಗಳಲ್ಲಿ ಶೇಕಡಾವಾರು ಅಂಕಿ ಇರುವುದಿಲ್ಲ. 195 ಆರ್ 14 ಎಂದಷ್ಟೇ ಬರೆದಿದ್ದರೆ ಅದರ ಪಕ್ಕದ ಎತ್ತರ ಅಗಲದ ಶೇ. 80ರ ಆಸುಪಾಸು ಎಂದು ತಿಳಿಯಬೇಕು. ವ್ಯಾನ್‌ಗಳಿಗೆ ಬರುವ 195 ಆರ್ 14 ಸಿ ಟೈರಿನ ವ್ಯಾಸ ಸುಮಾರು 666 ಮಿ.ಮೀ. ಹೆಸರಿನಲ್ಲಿ ‘195’ ಮತ್ತು ‘14’ ಎರಡೂ ಇದ್ದರೂ ಅದು ವ್ಯಾಗನ್ನಿನ ಟೈರಿಗಿಂತ ಶೇ. 6ರಷ್ಟು ದೊಡ್ಡದು. ಅಂಗಡಿಯಲ್ಲಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ.

ಭಾರದ ಸೂಚ್ಯಂಕ

ಗಾತ್ರದ ನಂತರ ಬರುವ ಅಂಕಿ ಒಂದು ಟೈರ್ ಹೊರಬಲ್ಲ ಗರಿಷ್ಠ ಭಾರದ ಸಂಕೇತ. 86 ಎಂದರೆ 530 ಕೆ.ಜಿ., 88 ಎಂದರೆ 560, 89 ಎಂದರೆ 580, 91 ಎಂದರೆ 615, 95 ಎಂದರೆ 690 ಕೆ.ಜಿ. ಪ್ರತಿ ಆಕ್ಸಲ್ ಮೇಲೆ ಎಷ್ಟು ಭಾರ ಬೀಳಬಹುದು ಎಂಬುದು ವಾಹನದ ಫಲಕದಲ್ಲಿ ನಮೂದಾಗಿರುತ್ತದೆ. ಆ ಅಂಕಿಯ ಅರ್ಧವನ್ನು ಟೈರ್ ಹೊರುವಂತಿರಬೇಕು. ಉದಾಹರಣೆಗೆ, ಹಿಂದಿನ ಆಕ್ಸಲ್ಲಿನ ಮಿತಿ 1,150 ಕೆ.ಜಿ. ಆಗಿದ್ದರೆ ಒಂದೊಂದು ಟೈರಿನ ಪಾಲು 575 ಕೆ.ಜಿ. ಅದಕ್ಕೆ 88 ಸಾಲದು, 89 ಸಾಕು, 91 ಇದ್ದರೆ ಸ್ವಲ್ಪ ಉಳಿಕೆಯೂ ಸಿಗುತ್ತದೆ. ಅದೇ ಸರಣಿಯ ಸೆಡಾನ್‌ಗೆ ಸರಿಯಾಗುವ ಟೈರ್ ವ್ಯಾಗನ್‌ಗೆ ಕಡಿಮೆ ಬೀಳುವುದು ಈ ಲೆಕ್ಕದಲ್ಲಿ.

123 ವ್ಯಾಗನ್‌ನಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಕಾರಣವಿದೆ. ಅದರ ಹಿಂಬದಿಗೆ ತಾನಾಗಿ ಮಟ್ಟ ಸರಿಪಡಿಸಿಕೊಳ್ಳುವ ಸಸ್ಪೆನ್ಷನ್ ಇದೆ. ಡಿಕ್ಕಿಗೆ ಸರಕು ಹೇರಿದಾಗ ಎಂಜಿನ್ನಿನಿಂದ ನಡೆಯುವ ಪಂಪು ಹಿಂದಿನ ಸ್ಟ್ರಟ್‌ಗಳಿಗೆ ಹೈಡ್ರಾಲಿಕ್ ಎಣ್ಣೆಯನ್ನು ತಳ್ಳುತ್ತದೆ, ಗಾಡಿ ಮತ್ತೆ ಸಮಮಟ್ಟಕ್ಕೆ ಏಳುತ್ತದೆ. ಸಾಮಾನ್ಯ ಕಾರಿನಲ್ಲಿ ಹಿಂಭಾಗ ಕುಸಿದರೆ ಹೊರೆ ಹೆಚ್ಚಾಯಿತೆಂದು ಕಣ್ಣಿಗೇ ಗೊತ್ತಾಗುತ್ತದೆ. ಇಲ್ಲಿ ಆ ಸುಳಿವು ಸಿಗುವುದಿಲ್ಲ. ಗಾಡಿ ನೆಟ್ಟಗೆ ನಿಂತಿದ್ದರೂ ಟೈರಿನ ಮೇಲಿನ ಭಾರ ಒಂದಿಷ್ಟೂ ಇಳಿದಿರುವುದಿಲ್ಲ. ಹಾಗಾಗಿ ಪೂರ್ತಿ ಹೊರೆಗೆ ಹೇಳಿದ ಗಾಳಿಯನ್ನು ಹೊರಡುವ ಮೊದಲೇ ತುಂಬಿಸಬೇಕು. ಅದರ ಪ್ರಮಾಣ ಡೀಸೆಲ್ ತುಂಬುವ ಮುಚ್ಚಳದ ಒಳಬದಿಯ ಚೀಟಿಯಲ್ಲಿರುತ್ತದೆ.

‘ಎಕ್ಸ್‌ಎಲ್’ ಅಥವಾ ‘ರೀಇನ್‌ಫೋರ್ಸ್ಡ್’ ಎಂದು ಬರೆದ ಟೈರ್‌ಗಳು ಅದೇ ಗಾತ್ರದಲ್ಲಿ ಹೆಚ್ಚು ಭಾರ ಹೊರುತ್ತವೆ. ಆದರೆ ಆ ಪೂರ್ತಿ ಸಾಮರ್ಥ್ಯ ಸಿಗಬೇಕಾದರೆ ಗಾಳಿಯೂ ಹೆಚ್ಚಿರಬೇಕು. ಸಾಮಾನ್ಯ ಟೈರ್ ತನ್ನ ಗರಿಷ್ಠ ಭಾರವನ್ನು 2.5 ಬಾರ್ (36 ಪಿಎಸ್‌ಐ) ಒತ್ತಡದಲ್ಲಿ ಹೊತ್ತರೆ, ಎಕ್ಸ್‌ಎಲ್ ಟೈರಿಗೆ 2.9 ಬಾರ್ (42 ಪಿಎಸ್‌ಐ) ಬೇಕು.

ವೇಗದ ಅಕ್ಷರ

ಭಾರದ ಅಂಕಿಯ ಪಕ್ಕದ ಅಕ್ಷರ ವೇಗದ ಮಿತಿಯನ್ನು ಹೇಳುತ್ತದೆ. ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ ಎಂದರೆ 190, ಎಚ್ ಎಂದರೆ 210. ಟರ್ಬೊ ಎಂಜಿನ್ನಿನ 300 ಟಿಡಿ ಕೂಡ ಗಂಟೆಗೆ ಸುಮಾರು 165 ಕಿ.ಮೀ.ಗಿಂತ ವೇಗವಾಗಿ ಓಡದು. ಆದ್ದರಿಂದ ಎಸ್ ಅಥವಾ ಟಿ ದರ್ಜೆ ಸಾಕು. ವೇಗದ ದರ್ಜೆಗೆ ಹೆಚ್ಚು ಹಣ ಕೊಡುವುದಕ್ಕಿಂತ ಭಾರದ ಸೂಚ್ಯಂಕಕ್ಕೆ ಕೊಡುವುದು ಈ ವಾಹನಕ್ಕೆ ಉಪಯುಕ್ತ.

ವ್ಯಾಸ, ಸ್ಪೀಡೋಮೀಟರ್ ಮತ್ತು ಎಂಜಿನ್

ಮೂಲ ಗಾತ್ರದ 628.6 ಮಿ.ಮೀ. ಜೊತೆ ಹೋಲಿಸಿದಾಗ ಸಾಮಾನ್ಯವಾಗಿ ಚರ್ಚೆಗೆ ಬರುವ ಬದಲಿ ಗಾತ್ರಗಳು ಹೀಗಿವೆ:

- 185/70 ಆರ್ 14: 614.6 ಮಿ.ಮೀ., ಶೇ. 2.2 ಕಡಿಮೆ
- 205/60 ಆರ್ 15: 627.0 ಮಿ.ಮೀ., ಶೇ. 0.3 ಕಡಿಮೆ
- 205/55 ಆರ್ 16: 631.9 ಮಿ.ಮೀ., ಶೇ. 0.5 ಹೆಚ್ಚು
- 195/65 ಆರ್ 15: 634.5 ಮಿ.ಮೀ., ಶೇ. 0.9 ಹೆಚ್ಚು
- 205/70 ಆರ್ 14: 642.6 ಮಿ.ಮೀ., ಶೇ. 2.2 ಹೆಚ್ಚು
- 205/65 ಆರ್ 15: 647.5 ಮಿ.ಮೀ., ಶೇ. 3.0 ಹೆಚ್ಚು

ಟೈರ್ ದೊಡ್ಡದಾದಷ್ಟೂ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವತ್ತ ವಾಲುತ್ತದೆ. ಮೂಲ ಟೈರಿನಲ್ಲಿ ನಿಖರವಾಗಿದ್ದ ಮೀಟರ್ 100 ತೋರಿಸುವಾಗ, ಶೇ. 3ರಷ್ಟು ದೊಡ್ಡ ಟೈರಿನ ಗಾಡಿ 103ರಲ್ಲಿ ಓಡುತ್ತಿರುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೇ ನಿಯಮಾವಳಿಯ ಪ್ರಕಾರ ಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸುವುದಕ್ಕೆ ಮಾತ್ರ ಒಂದು ಮಿತಿಯೊಳಗೆ ಅವಕಾಶವಿದೆ. ದೂರ ಎಣಿಸುವ ಮೀಟರ್ ಕೂಡ ಕಡಿಮೆ ಎಣಿಸುವುದರಿಂದ, ಟೈರ್ ಬದಲಿಸಿದ ಮೇಲೆ ಮೈಲೇಜ್ ಇಳಿದಂತೆ ಕಾಣಬಹುದು. ಮೈಲೇಜ್ ಲೆಕ್ಕ ಹಾಕುವ ಮೊದಲು ದೂರವನ್ನು ಇದಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕು.

ದೊಡ್ಡ ಟೈರ್ ಹಾಕುವುದೆಂದರೆ ಗೇರನ್ನು ಸ್ವಲ್ಪ ಉದ್ದ ಮಾಡಿದಂತೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದ ವೇಗದಲ್ಲಿ, ಶೇ. 3ರಷ್ಟು ದೊಡ್ಡ ಟೈರಿಗೆ ಸುಮಾರು 2,910 ಸುತ್ತು ಸಾಕಾಗುತ್ತದೆ. ಹೆದ್ದಾರಿಯಲ್ಲಿ ಸದ್ದು ತುಸು ಇಳಿಯುತ್ತದೆ. ಆದರೆ ನಿಂತಲ್ಲಿಂದ ಹೊರಡುವಾಗ, ಘಟ್ಟ ಹತ್ತುವಾಗ ಎಳೆತವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಟರ್ಬೊ ಎಂಜಿನ್ ಇದನ್ನು ಸಹಿಸಿಕೊಳ್ಳುತ್ತದೆ. ಶಕ್ತಿ ಕಡಿಮೆಯಿರುವ 240 ಟಿಡಿ ತುಂಬಿದ ಹೊರೆಯಲ್ಲಿ ಹೆಣಗಾಡುತ್ತದೆ. ಅದಕ್ಕೆ ಮೂಲ ವ್ಯಾಸಕ್ಕೆ ಹತ್ತಿರದ ಟೈರೇ ಸರಿ.

ರಿಮ್, ಆಫ್‌ಸೆಟ್ ಮತ್ತು ಬೋಲ್ಟ್

15 ಇಂಚಿಗೆ ಹೋಗುವುದಾದರೆ ರಿಮ್ ಕೂಡ ಬದಲಾಗಬೇಕು. 123 ಸರಣಿಯ ಚಕ್ರಕ್ಕೆ 112 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟ್‌ಗಳಿವೆ. ಮುಂದಿನ ಹಲವು ಮರ್ಸಿಡಿಸ್‌ಗಳಲ್ಲೂ ಇದೇ ಜೋಡಣೆ ಇರುವುದರಿಂದ ಅವುಗಳ ರಿಮ್ ಹಬ್ಬಿನ ಮೇಲೆ ಕೂರುತ್ತದೆ. ಕೂತ ಮಾತ್ರಕ್ಕೆ ಹೊಂದಿತೆಂದು ತಿಳಿಯಬಾರದು, ಆಫ್‌ಸೆಟ್ ನೋಡಬೇಕು. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖದವರೆಗಿನ ಅಂತರವೇ ಆಫ್‌ಸೆಟ್. ರಿಮ್ಮಿನ ಮೇಲೆ ಅದನ್ನು ‘ಇಟಿ’ ಎಂದು ಗುರುತಿಸಿರುತ್ತಾರೆ. 6 ಇಂಚು ಅಗಲದ ಇಟಿ 30 ರಿಮ್ ತೆಗೆದು 6.5 ಇಂಚಿನ ಇಟಿ 48 ರಿಮ್ ಹಾಕಿದರೆ, ಆಫ್‌ಸೆಟ್‌ನ 18 ಮಿ.ಮೀ. ಜೊತೆಗೆ ಅಗಲದ ಅರ್ಧ ಹೆಚ್ಚಳ 6 ಮಿ.ಮೀ. ಸೇರಿ ಒಳಅಂಚು ಸುಮಾರು 24 ಮಿ.ಮೀ. ಒಳಕ್ಕೆ ಸರಿಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಸಸ್ಪೆನ್ಷನ್ನಿಗೆ, ಹೊರೆ ಹಾಕಿದಾಗ ಹಿಂದಿನ ಭಾಗಗಳಿಗೆ ಟೈರ್ ಉಜ್ಜದಂತೆ ಪರೀಕ್ಷಿಸಿಯೇ ಒಪ್ಪಬೇಕು.

ಕಬ್ಬಿಣದ ರಿಮ್ಮಿನ ಬೋಲ್ಟ್ ಅಲಾಯ್ ರಿಮ್ಮಿಗೆ ಗಿಡ್ಡವಾಗುತ್ತದೆ. ರಿಮ್ ಬದಲಿಸುವವರು ಅದಕ್ಕೆ ತಕ್ಕ ಉದ್ದದ, ತಕ್ಕ ತಲೆಯಾಕಾರದ ಬೋಲ್ಟ್‌ಗಳನ್ನೂ ತರಬೇಕು. ಸ್ಟೆಪ್ನಿ ಹಳೆಯ ಕಬ್ಬಿಣದ್ದೇ ಆಗಿದ್ದರೆ ಅದರ ಬೋಲ್ಟ್‌ಗಳು ಗಾಡಿಯಲ್ಲೇ ಇರಬೇಕು.

ಯಾವ ಗಾತ್ರ ಸೂಕ್ತ

ಮೂಲ ರಿಮ್ ಉಳಿಸಿಕೊಳ್ಳುವವರಿಗೆ ಸರಿಯಾದ ಭಾರದ ಸೂಚ್ಯಂಕವಿರುವ 195/70 ಆರ್ 14 ಟೈರೇ ಮೊದಲ ಆಯ್ಕೆ. ಅದು ಸಿಗುವಷ್ಟು ಕಾಲ ಬೇರೆಯದನ್ನು ಹುಡುಕಬೇಕಿಲ್ಲ. ಅದು ಸಿಗದಿದ್ದಾಗ, ರಿಮ್ ಮತ್ತು ಆಫ್‌ಸೆಟ್ ಹೊಂದುವುದಾದರೆ, 195/65 ಆರ್ 15 ಉತ್ತಮ. ಅದರ ವ್ಯಾಸದ ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ. ಭಾರದ ಸೂಚ್ಯಂಕ ಸಾಮಾನ್ಯವಾಗಿ 91 ಇರುತ್ತದೆ. 124 ಸರಣಿಯ ಮರ್ಸಿಡಿಸ್‌ಗಳೂ ಇನ್ನೂ ಅನೇಕ ಕಾರುಗಳೂ ಇದೇ ಗಾತ್ರ ಬಳಸಿದ್ದರಿಂದ ಸುಲಭವಾಗಿ ಸಿಗುತ್ತದೆ. 185/70 ಆರ್ 14 ಅಗ್ಗವಾದರೂ ಅದರ ಸಾಮಾನ್ಯ ಸೂಚ್ಯಂಕ 88. ಮೇಲಿನ ಲೆಕ್ಕದ ಪ್ರಕಾರ ಹೊರೆ ಹೊತ್ತ ವ್ಯಾಗನ್‌ಗೆ ಅದು ತಕ್ಕುದಲ್ಲ. 16 ಇಂಚಿನ ಟೈರಿನ ವ್ಯಾಸ ಹೊಂದಿದರೂ ಪಕ್ಕದ ಎತ್ತರ 136.5 ಮಿ.ಮೀ.ಯಿಂದ 113 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಬಿದ್ದ ರಸ್ತೆಯಲ್ಲಿ ಆ ಪೆಟ್ಟು ರಿಮ್ಮಿಗೂ ಸಸ್ಪೆನ್ಷನ್ನಿಗೂ ತಗಲುತ್ತದೆ.

ಭಾರತದ ಸಂದರ್ಭ

ಈ ಸರಣಿಯ 240 ಡಿ ಮಾದರಿಯ ಓಎಂ 616 ಎಂಜಿನ್ ಭಾರತದಲ್ಲಿ ಬಜಾಜ್ ಟೆಂಪೊ ಸಂಸ್ಥೆಯ (ಇಂದಿನ ಫೋರ್ಸ್ ಮೋಟರ್ಸ್) ಟ್ರ್ಯಾಕ್ಸ್ ವಾಹನಗಳ ಮೂಲಕ ಪರಿಚಿತವಾಯಿತು. ಭಾರತದ್ದೇ ಡೀಸೆಲ್ ವ್ಯಾಗನ್ ಎಂದರೆ 1992ರಲ್ಲಿ ಬಂದ ಟಾಟಾ ಎಸ್ಟೇಟ್. ಇಂಥ ಹಳೆಯ ವಾಹನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ, ಅಂಕಿಗಳನ್ನು ಮಾತ್ರ ಆಯಾ ವಾಹನದ ಫಲಕ ಮತ್ತು ಕೈಪಿಡಿಯಿಂದ ತೆಗೆದುಕೊಳ್ಳಬೇಕು.

ಖರೀದಿ ಮತ್ತು ಜೋಡಣೆ

ವಿರಳ ಗಾತ್ರದ ಟೈರ್‌ಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಉಳಿದಿರಬಹುದು. ಪಕ್ಕದಲ್ಲಿ ‘ಡಾಟ್’ ಬರಹದ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದರೆ 2019ರ 23ನೇ ವಾರ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನದು, ಟ್ರೆಡ್ ಎಷ್ಟೇ ಚೆನ್ನಾಗಿ ಕಂಡರೂ ಬಳಸಬಾರದು. ಹತ್ತು ವರ್ಷ ದಾಟಿದ ಟೈರನ್ನು ಸವೆಯದಿದ್ದರೂ ತೆಗೆಯಬೇಕೆಂಬುದು ಪ್ರಮುಖ ತಯಾರಕರ ಸಲಹೆ.

ಒಂದೇ ಆಕ್ಸಲ್ಲಿನ ಎರಡೂ ಟೈರ್ ಒಂದೇ ಗಾತ್ರ, ಒಂದೇ ಮಾದರಿಯವಾಗಿರಬೇಕು. ಎರಡೇ ಹೊಸತು ಕೊಂಡರೆ ಅವನ್ನು ಹಿಂದಕ್ಕೆ ಹಾಕುವುದು ಲೇಸು. ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರಿದರೆ ಗಾಡಿಯನ್ನು ಹತೋಟಿಗೆ ತರುವುದು ಕಷ್ಟ. ಹೊಸ ಗಾತ್ರಕ್ಕೆ ಹೋದಾಗ ಸ್ಟೆಪ್ನಿಯನ್ನೂ ಅದೇ ವ್ಯಾಸಕ್ಕೆ ತರಬೇಕು. ಜರ್ಮನಿಯಂಥ ದೇಶಗಳಲ್ಲಿ ದಾಖಲೆಯಲ್ಲಿಲ್ಲದ ಗಾತ್ರ ಹಾಕಿದರೆ ತಾಂತ್ರಿಕ ತಪಾಸಣೆ ಮಾಡಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ. ಜೋಡಣೆಯ ನಂತರ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಿ, ಪೂರ್ತಿ ಹೊರೆ ಹೇರಿ ಸ್ವಲ್ಪ ದೂರ ಓಡಿಸಿ, ಟೈರಿನ ಒಳಪಕ್ಕದಲ್ಲಿ ಉಜ್ಜಿದ ಗುರುತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಖಾಲಿ ಗಾಡಿಯಲ್ಲಿ ಮಾಡಿದ ಪರೀಕ್ಷೆಯನ್ನು ವ್ಯಾಗನ್ನಿನ ಮಟ್ಟಿಗೆ ಪೂರ್ಣವೆಂದು ಎಣಿಸಲಾಗದು.