ಎರಡು ರಾಶಿಗಳ ನಡುವೆ

ಚಾಲಿ ಅಡಿಕೆ ಆರಿಸುವುದು ನಮ್ಮ ಹೊನ್ನಾವರ, ಕುಮಟಾ ಕಡೆಯ ಹೆಂಗಸರಿಗೆ ಹೊಸ ಕೆಲಸವೇನಲ್ಲ. ಸುಲಿದ ಅಡಿಕೆಯನ್ನು ಮುಂದೆ ಹರವಿಕೊಂಡು ಕೂತರೆ ಕೈ ತಾನಾಗಿ ಓಡುತ್ತದೆ. ಇದು ಒಳ್ಳೆಯದು, ಇದು ಕೋಕಾ, ಇದು ಚಿಪ್ಪು. ಬಣ್ಣ, ಗಾತ್ರ, ತೂಕ ಮೂರನ್ನೂ ಕಣ್ಣು ಬೆರಳು ಸೇರಿ ಒಟ್ಟಿಗೇ ಅಳೆಯುತ್ತವೆ. ಆದರೂ ನಾಲ್ಕಾರು ಅಡಿಕೆ ಯಾವ ರಾಶಿಗೂ ಸಲ್ಲದೆ ಅಂಗೈಯಲ್ಲೇ ಉಳಿಯುತ್ತವೆ. ನನ್ನ ಅತ್ತೆ ಅಂಥವನ್ನು ಬೇರೆಯೇ ಇಡುತ್ತಿದ್ದರು. ಈ ಸಂಶಯದ ಅಡಿಕೆಗೂ ಒಂದು ಗಣಿತವಿದೆ, ಅದಕ್ಕೊಂದು ಚರಿತ್ರೆಯೂ ಇದೆ.

ಅಡಿಕೆಯ ಹಾಗೆ ಮನುಷ್ಯರನ್ನೂ ರಾಶಿ ಹಾಕುವ ಉಮೇದು ಬ್ರಿಟಿಷರಿಗಿತ್ತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಭಟ್ಕಳ, ಹೊನ್ನಾವರಗಳನ್ನು ಹಾದು ಹೋಗುತ್ತ ಇಲ್ಲಿಯ ಬೆಳೆ, ವ್ಯಾಪಾರ, ಜನಗಳ ಬಗ್ಗೆ ಬರೆದುಕೊಂಡ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟ ಒಂದೊಂದು ಜಾತಿಯ ಮೈಬಣ್ಣ, ಮೈಕಟ್ಟು, ಸ್ವಭಾವಗಳನ್ನು ಕೆಲವೇ ಮಾತಿನಲ್ಲಿ ಮುಗಿಸಿಬಿಟ್ಟಿತು. ಒಂದು ಕೇರಿಯವರಿಗೆಲ್ಲ ಒಂದೇ ಬಣ್ಣ, ಒಂದೇ ಗುಣ ಎನ್ನುವ ಹಾಗೆ! ಬಂಗಾಳದಲ್ಲಿ ರಿಸ್ಲಿ ಎಂಬ ಅಧಿಕಾರಿ ಇನ್ನೂ ಮುಂದೆ ಹೋಗಿ, 1891ರಲ್ಲಿ ಮೂಗಿನ ಅಳತೆಗೂ ಜಾತಿಯ ಮೇಲುಕೀಳಿಗೂ ಗಂಟು ಹಾಕಿದ.

ಆ ರಿಸ್ಲಿಯ ಅಂಕಿಗಳನ್ನೇ 1933ರಲ್ಲಿ ಮತ್ತೆ ಕೈಗೆತ್ತಿಕೊಂಡು ಪರಿಶೀಲಿಸಿದವರು ಕಲ್ಕತ್ತೆಯ ಪಿ. ಸಿ. ಮಹಾಲನೋಬಿಸ್. ಎರಡು ಗುಂಪುಗಳ ನಡುವಿನ ದೂರವನ್ನು ಅಳೆಯುವ ಅವರ ಸೂತ್ರ 1936ರಲ್ಲಿ ಪ್ರಕಟವಾಯಿತು. ಅದರ ತಿರುಳು ಬಹಳ ಸರಳ. ಬರೀ ಸರಾಸರಿಗಳ ಅಂತರ ನೋಡಿದರೆ ಸಾಲದು, ಒಂದೊಂದು ಗುಂಪಿನೊಳಗೆ ಎಷ್ಟು ಏರಿಳಿತ ಇದೆ ಎಂಬುದನ್ನೂ ನೋಡಬೇಕು. ದೊಡ್ಡ ಅಡಿಕೆ ಸಹಜವಾಗಿ ಭಾರವೂ ಇರುತ್ತದಲ್ಲ, ಹಾಗಾಗಿ ಗಾತ್ರ, ತೂಕಗಳನ್ನು ಎರಡು ಬೇರೆ ಬೇರೆ ಸಾಕ್ಷಿ ಎಂದು ಎಣಿಸಲೂ ಬಾರದು. ಅದೇ ವರ್ಷ ಇಂಗ್ಲೆಂಡಿನಲ್ಲಿ ಆರ್. ಎ. ಫಿಶರ್ 150 ಐರಿಸ್ ಹೂಗಳ ಎಸಳಿನ ಉದ್ದಗಲ ಹಿಡಿದು, ಯಾವ ಹೂ ಯಾವ ಜಾತಿಯದೆಂದು ಹೇಳುವ ದಾರಿ ತೋರಿಸಿದರು.

ಇವರಿಬ್ಬರ ಬಳಿಯೂ ಕಲಿತವರು ಸಿ. ಆರ್. ರಾವ್. ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ, ತೆಲುಗು ಮನೆತನ. ದಿನಾ ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದ ತಾಯಿ ಲಕ್ಷ್ಮೀಕಾಂತಮ್ಮನವರನ್ನು ಅವರು ತಮ್ಮ ಪುಸ್ತಕವೊಂದರ ಅರ್ಪಣೆಯಲ್ಲಿ ನೆನೆದಿದ್ದಾರೆ. ಆ ದೀಪದ ಬೆಳಕು ಎಷ್ಟು ದೂರ ಹೋಯಿತು ನೋಡಿ! 1946ರಲ್ಲಿ ರಾವ್ ಕೇಂಬ್ರಿಜ್ಜಿಗೆ ಹೋಗಿ, ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಎಲುಬುಗಳ ಅಳತೆಯ ಕೆಲಸಕ್ಕೆ ಸೇರಿದರು. 1948ರಲ್ಲಿ, ಹಲವು ಅಳತೆಗಳನ್ನು ಒಟ್ಟಿಗೆ ಹಿಡಿದು ವಿಂಗಡಿಸುವುದು ಹೇಗೆ ಎಂಬ ದೊಡ್ಡ ಲೇಖನ ಪ್ರಕಟಿಸಿದರು.

ಅದರಲ್ಲಿನ ಒಂದು ಉದಾಹರಣೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಉತ್ತರ ಭಾರತದ ಮೂರು ಗುಂಪು: ಬ್ರಾಹ್ಮಣರು, ಕುಶಲಕರ್ಮಿಗಳು, ಕೊರ್ವಾ ಜನ. ನಾಲ್ಕು ಅಳತೆ: ಎತ್ತರ, ಕೂತಾಗಿನ ಎತ್ತರ, ಮೂಗಿನ ಎರಡು ಅಳತೆ. ಒಬ್ಬ ವ್ಯಕ್ತಿಯ ಅಳತೆ ಕೊಟ್ಟರೆ ಅವನು ಯಾವ ಗುಂಪಿನವನು? ಬ್ರಾಹ್ಮಣರ ಸರಾಸರಿ ಎತ್ತರ ಸುಮಾರು 164.5 ಸೆಂ.ಮೀ., ಕೊರ್ವಾ ಜನರದು 158ರ ಆಸುಪಾಸು. ನಡುವೆ ಆರು ಸೆಂ.ಮೀ. ಅಂತರ. ಆದರೆ ಗುಂಪಿನೊಳಗೆ ಸರಾಸರಿಯಿಂದ ಆರು ಸೆಂ.ಮೀ. ಹೆಚ್ಚು ಕಡಿಮೆ ಆಗುವುದು ತೀರ ಸಾಮಾನ್ಯ. ಒಂದೊಂದು ಗುಂಪಿನ ಎತ್ತರವನ್ನೂ ಗಂಟೆಯಾಕಾರದ ಗೆರೆಯಾಗಿ ಬರೆದರೆ, ಆ ಗಂಟೆಗಳು ಒಂದರ ಮೇಲೊಂದು ಮಲಗಿಬಿಡುತ್ತವೆ. ಗೆಜೆಟಿಯರು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಗಣಿತ ಹಾಗೆ ಮುಗಿಸಲಾರದು. ನಾಲ್ಕೂ ಅಳತೆಗಳನ್ನು ಕೂಡಿಸಿದರೆ ಊಹೆ ಸುಧಾರಿಸುತ್ತದೆ, ನಿಜ. ಆದರೆ ತಪ್ಪು ಪೂರ್ತಿ ಹೋಗುವುದಿಲ್ಲ.

ಈ ಲೆಕ್ಕದ ಪ್ರಾಮಾಣಿಕತೆ ಇರುವುದೇ ಇಲ್ಲಿ. ಮೊದಲು ಒಂದೊಂದು ಗುಂಪಿನ ಅಳತೆಗಳು ಹೇಗೆ ಹರಡಿಕೊಂಡಿವೆ ಎಂದು ತಿಳಿಯಬೇಕು. ಆಮೇಲೆ, ಎದುರಿಗೆ ಬಂದದ್ದು ಯಾವ ಗುಂಪಿನಿಂದ ಬಂದಿರುವ ಸಂಭವ ಹೆಚ್ಚು ಎಂದು ಕೇಳಬೇಕು. ಗುಂಪು ಎಷ್ಟು ದೊಡ್ಡದು, ಯಾವ ತಪ್ಪಿನಿಂದ ಹೆಚ್ಚು ಹಾನಿ ಎಂಬುದನ್ನೂ ತೂಗಬೇಕು. ಎಲ್ಲ ಮಾಡಿದ ಮೇಲೂ ಎಷ್ಟು ಸಲ ತಪ್ಪುತ್ತೇವೆ ಎಂದು ಲೆಕ್ಕ ಒಪ್ಪಿಸಬೇಕು. ತೀರ್ಪು ಕೊಡದೆ ಬಿಡುವ ‘ಸಂಶಯದ ಪ್ರದೇಶ’ಕ್ಕೂ ಈ ಶಾಸ್ತ್ರದಲ್ಲಿ ಜಾಗವಿದೆ.

ರಾವ್ 2023ರಲ್ಲಿ, 102ರ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಈ ವಿದ್ಯೆ ಎಲುಬು, ಹೂಗಳನ್ನು ದಾಟಿ ಗಣಕಯಂತ್ರದೊಳಗೆ ಹೊಕ್ಕು, ಯಂತ್ರಕಲಿಕೆ ಎನ್ನುವುದರ ಒಂದು ಬೇರಾಗಿತ್ತು. ಯಾವ ಈ-ಅಂಚೆ ಕಸ, ಯಾವ ಸಾಲ ಮರಳಿ ಬಂದೀತು ಎಂದು ವಿಂಗಡಿಸುವುದು ಈಗ ಯಂತ್ರ. ನಮ್ಮ ಮಹಿಳಾ ಸಂಘದ ಒಬ್ಬಾಕೆಗೆ ಹೊಲಿಗೆ ಅಂಗಡಿಗೆಂದು ಕೇಳಿದ ಸಾಲ ಸಿಗಲಿಲ್ಲ. ‘ಕಂಪ್ಯೂಟರ್ ಬೇಡ ಅಂತು’ ಎಂದರಂತೆ, ಅಷ್ಟೆ. ಆಕೆ ಒಂದು ಕಂತನ್ನೂ ತಪ್ಪಿಸಿದವಳಲ್ಲ. ಯಂತ್ರ ನೋಡಿದ್ದು ಆಕೆಯನ್ನಲ್ಲ, ಆಕೆಯಂಥವರು ಎಂದು ಅದು ಎಣಿಸಿದ ಗುಂಪನ್ನು.

ಸಂಭವ ಎಂಬುದು ಗುಂಪಿನ ಮಾತು, ಬದುಕು ಒಬ್ಬೊಬ್ಬರದು. ಅದಕ್ಕೇ ಯಾರಾದರೂ ಲೆಕ್ಕ ಮುಂದೆ ಮಾಡಿ ನಮ್ಮನ್ನು ಒಂದು ಕಡೆಗೆ ಸರಿಸಿದಾಗ ಸುಮ್ಮನೆ ತಲೆಯಾಡಿಸಿ ಬರಬಾರದು. ಈ ಲೆಕ್ಕ ನೂರರಲ್ಲಿ ಎಷ್ಟು ಸಲ ತಪ್ಪುತ್ತದೆ? ತಪ್ಪಿದರೆ ನಷ್ಟ ಯಾರ ಪಾಲಿಗೆ? ಇವೆರಡನ್ನು ಕೇಳಲು ಗಣಿತ ಓದಿರಬೇಕಾಗಿಲ್ಲ. ಕೇಳಿಸಿಕೊಂಡವರು ಮಾತ್ರ ಉತ್ತರ ಹೇಳಲೇಬೇಕು.