ನಾಟಿಂಗ್‌ಹ್ಯಾಮಿನ ನಾಯಕತ್ವ ಕಾಲೇಜು ಮತ್ತು ಶಿಕ್ಷಕರು ಕೂಡಿ ಕಲಿಯುವ ಹೊತ್ತು

ನಮ್ಮ ಹಿರಿಯರ ಕಾಲದ ರ‍್ಯಾಲಿ ಸೈಕಲ್ಲುಗಳು ತಯಾರಾಗುತ್ತಿದ್ದ ನಾಟಿಂಗ್‌ಹ್ಯಾಮಿನ ಹಳೆಯ ಕಾರ್ಖಾನೆಯ ನೆಲದಲ್ಲಿ ಈಗ ಅಲ್ಲಿನ ವಿಶ್ವವಿದ್ಯಾಲಯದ ಜುಬಿಲಿ ಕ್ಯಾಂಪಸ್ ಇದೆ. ಇಂಗ್ಲೆಂಡಿನ ಶಾಲಾ ಮುಖ್ಯಸ್ಥರಿಗೆಂದೇ 2000ದ ನವೆಂಬರಿನಲ್ಲಿ ಶುರುವಾದ ನ್ಯಾಷನಲ್ ಕಾಲೇಜ್ ಫಾರ್ ಸ್ಕೂಲ್ ಲೀಡರ್‌ಶಿಪ್‌ಗೆ ಇಲ್ಲಿ ಕಟ್ಟಡ ಎದ್ದಿತು. 2002ರ ಅಕ್ಟೋಬರಿನಲ್ಲಿ ಪ್ರಧಾನಿ ಟೋನಿ ಬ್ಲೇರ್ ಅದನ್ನು ಉದ್ಘಾಟಿಸಿದರು. 2018ರ ಹೊತ್ತಿಗೆ ಕಾಲೇಜಿನ ಹೆಸರೂ ಉಳಿಯಲಿಲ್ಲ. ಈ ಚರಿತ್ರೆಯನ್ನು ನಾಯಕತ್ವದ ಸಿದ್ಧಾಂತಗಳ ಚರಿತ್ರೆಯಾಗಿ ಓದುವುದು ರೂಢಿ. ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯಲು ಬೇಕಾದ ಹೊತ್ತನ್ನು ಯಾರು ಕೊಟ್ಟರು, ಆ ಹೊತ್ತು ಎಲ್ಲಿ ಕಳೆದುಹೋಯಿತು ಎಂಬ ಎಳೆ ಹಿಡಿದು ನೋಡಿದರೆ ಇದರ ಏಳುಬೀಳು ಇನ್ನೂ ಚೆನ್ನಾಗಿ ತಿಳಿಯುತ್ತದೆ ಎಂಬುದು ನನ್ನ ವಾದ.

ಎಳೆ ಹಳೆಯದು. 1964ರಲ್ಲಿ ಶುರುವಾದ ನಫೀಲ್ಡ್ ಗಣಿತ ಯೋಜನೆ, ಹೊಸ ಗಣಿತ ಕಲಿಸಬೇಕಾದವರು ಮೊದಲು ತಾವೇ ಅದನ್ನು ಮಾಡಿ ನೋಡಬೇಕೆಂದು ಊರೂರಲ್ಲಿ ಶಿಕ್ಷಕರ ಕೇಂದ್ರಗಳಿಗೆ ಒತ್ತಾಸೆ ಕೊಟ್ಟಿತು. 1970ರ ದಶಕದ ಆರಂಭಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥವು ಸುಮಾರು 600 ಇದ್ದವು. ಆದರೆ ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟ ಮೇಲೆ, ಸ್ವಂತ ಸಂಜೆಯನ್ನು ಕೊಟ್ಟು ಬರುತ್ತಿದ್ದರು. ಪ್ರತಿ ಏಳು ವರ್ಷಕ್ಕೊಮ್ಮೆ ಶಿಕ್ಷಕರನ್ನು ಒಂದು ಟರ್ಮ್ ಕಾಲ ಪಾಠದಿಂದ ಬಿಡುಗಡೆ ಮಾಡಿ ಕಲಿಯಲು ಕಳಿಸಬೇಕೆಂದು ಶಿಕ್ಷಕರ ತರಬೇತಿಯ ಬಗೆಗಿನ 1972ರ ಜೇಮ್ಸ್ ವರದಿ ಹೇಳಿತು. ಅದು ಜಾರಿಗೆ ಬರಲಿಲ್ಲ. 1987ರ ಶಿಕ್ಷಕರ ವೇತನ ಮತ್ತು ಷರತ್ತುಗಳ ಕಾಯ್ದೆಯ ಬೆನ್ನಿಗೆ ಶಿಕ್ಷಕರ ವರ್ಷವನ್ನು 195 ದಿನ, 1265 ಗಂಟೆ ಎಂದು ಕಟ್ಟಿದಾಗ, ಮಕ್ಕಳಿಲ್ಲದ ಐದು ದಿನಗಳು ತರಬೇತಿಗೆ ಸಿಕ್ಕವು. ಅಂದಿನ ಶಿಕ್ಷಣ ಸಚಿವ ಕೆನೆತ್ ಬೇಕರ್ ಹೆಸರಿನಿಂದ ಅವು ‘ಬೇಕರ್ ದಿನ’ಗಳಾದವು. ಕಲಿಯುವ ಹೊತ್ತು ಹೀಗೆ ಮೊದಲ ಬಾರಿಗೆ ದೇಶದ ಎಲ್ಲ ಶಿಕ್ಷಕರ ಸೇವಾ ಷರತ್ತಿನೊಳಗೆ ಬಂತು.

ಕೂಡಿ ಕಲಿಯುವುದೆಂದರೆ ಏನೆಂಬುದು ಇದೇ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಷೆಲ್ ಗಣಿತ ಶಿಕ್ಷಣ ಕೇಂದ್ರದ ಕೆಲಸದಲ್ಲಿ ಎದ್ದು ಕಾಣುತ್ತದೆ. ಕ್ಲೋಡ್ ಜಾನ್ವಿಯೆ ಎಂಬ ಸಂಶೋಧಕ 1978ರಲ್ಲಿ ಇಲ್ಲಿ ಒಪ್ಪಿಸಿದ ಪ್ರಬಂಧದಲ್ಲಿ ಒಂದು ಪ್ರಶ್ನೆಯಿದೆ. ರೇಸ್ ಕಾರು ಟ್ರ್ಯಾಕ್ ಸುತ್ತುವಾಗ ಅದರ ವೇಗ ಏರಿಳಿಯುವ ನಕ್ಷೆಯನ್ನು ಕೊಟ್ಟು, ಕಾರು ಓಡಿದ ದಾರಿ ಯಾವುದೆಂದು ಹಲವು ಚಿತ್ರಗಳಿಂದ ಆರಿಸಲು ಹೇಳುತ್ತಾರೆ. ನಕ್ಷೆಯಲ್ಲಿ ಗೆರೆ ಇಳಿದಲ್ಲಿ ಕಾರು ತಿರುವಿಗೆಂದು ನಿಧಾನವಾಗಿದೆ. ಅನೇಕ ಮಕ್ಕಳು ಇದನ್ನು ಬಿಟ್ಟು ಗೆರೆಯ ಅಂಕುಡೊಂಕನ್ನೇ ರಸ್ತೆಯ ಅಂಕುಡೊಂಕೆಂದು ಓದುತ್ತಾರೆ. ಉತ್ತರ ಪತ್ರಿಕೆಯಲ್ಲಿ ಇದು ಬರೀ ತಪ್ಪು ಉತ್ತರ. ಮಗುವಿನ ಪಕ್ಕದಲ್ಲೇ ನಿಂತು ಅದರ ಬೆರಳು ಎಲ್ಲಿ ಹರಿಯುತ್ತಿದೆ ಎಂದು ನೋಡಿದವರಿಗಷ್ಟೇ ಕಾರಣ ಕಾಣಬಲ್ಲದು, ಮೂವತ್ತು ಮಕ್ಕಳ ಮುಂದೆ ಒಬ್ಬರೇ ಪಾಠ ಮಾಡುತ್ತಿರುವಾಗ ಹಾಗೆ ನೋಡಲು ಆಗುವುದಿಲ್ಲ. ಇದೇ ಕೇಂದ್ರದ ಮಾಲ್ಕಮ್ ಸ್ವಾನ್ ಮತ್ತು ಸಂಗಡಿಗರು ಮುಂದೆ ಜಪಾನಿನ ‘ಪಾಠ ಅಧ್ಯಯನ’ ಕ್ರಮವನ್ನು ಇಂಗ್ಲೆಂಡಿನ ಶಾಲೆಗಳಲ್ಲಿ ನಡೆಸಿದರು: ಒಂದು ಪಾಠವನ್ನು ಹಲವರು ಕೂಡಿ ಸಿದ್ಧಪಡಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಬೆಂಚುಗಳ ನಡುವೆ ನಿಂತು ಮಕ್ಕಳು ಮಾಡುವುದನ್ನು ಬರೆದುಕೊಳ್ಳುತ್ತಾರೆ, ಆಮೇಲೆ ಎಲ್ಲರೂ ಕೂತು ಆ ಪಾಠದ ಬಗ್ಗೆ ಮಾತಾಡುತ್ತಾರೆ. ಶಿಕ್ಷಕರಿಗೆ ಅಂಕ ಕೊಡುವ ತಪಾಸಣೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ನೋಡಲು ಬಂದವರ ತರಗತಿಗಳನ್ನು ಆ ಹೊತ್ತಿನಲ್ಲಿ ಬೇರೆಯವರು ನೋಡಿಕೊಳ್ಳಬೇಕು. ಅದನ್ನು ಹೊಂದಿಸಿಕೊಡಬಲ್ಲವರು ಮುಖ್ಯ ಶಿಕ್ಷಕರು ಮಾತ್ರ.

ನಾಯಕತ್ವ ಕಾಲೇಜಿನ ಅತ್ಯಂತ ಬೆಲೆಯುಳ್ಳ ಕೆಲಸವೆಂದು ನಾನು ಎಣಿಸುವುದು 2002ರಿಂದ 2006ರವರೆಗೆ ನಡೆದ ಕಲಿಕಾ ಜಾಲಗಳ ಯೋಜನೆಯನ್ನು. ಕನಿಷ್ಠ ಆರು ಶಾಲೆಗಳು ಸೇರಿ ಒಂದು ಜಾಲ. ಒಟ್ಟು ಸುಮಾರು 1500 ಶಾಲೆಗಳು ಇದರೊಳಗೆ ಬಂದವು. ಶಿಕ್ಷಕರಿಗೆ ಅನುಭವದಿಂದ ಗೊತ್ತಿರುವುದು, ಸಂಶೋಧನೆಯಿಂದ ಲೋಕಕ್ಕೆ ಗೊತ್ತಿರುವುದು, ಇವೆರಡನ್ನೂ ಇಟ್ಟುಕೊಂಡು ಕೂಡಿ ಹೊಸದಾಗಿ ಕಂಡುಕೊಳ್ಳುವುದು — ಈ ಮೂರೂ ಬಗೆಯ ಜ್ಞಾನಕ್ಕೆ ಜಾಲದಲ್ಲಿ ಸಮಾನ ಜಾಗವಿತ್ತು. ಹಣ ನಿಂತಾಗ ಯೋಜನೆಯೂ ಮುಗಿಯಿತು. ಅದೇ 2006ರಲ್ಲಿ ಕಾಲೇಜು ಪ್ರಕಟಿಸಿದ ಸಮೀಕ್ಷೆಯಲ್ಲಿ ಕೆನೆತ್ ಲೀತ್‌ವುಡ್, ಕ್ರಿಸ್ಟಫರ್ ಡೇ ಮೊದಲಾದವರು, ಮಕ್ಕಳ ಕಲಿಕೆಯ ಮೇಲಿನ ಪ್ರಭಾವದಲ್ಲಿ ತರಗತಿಯ ಬೋಧನೆಯ ನಂತರದ ಸ್ಥಾನ ನಾಯಕತ್ವದ್ದು ಎಂದರು. ಈ ಮಾತು ಲೋಕವೆಲ್ಲ ಸುತ್ತಿತು. ಆ ಪ್ರಭಾವ ಹೆಚ್ಚಾಗಿ ಪರೋಕ್ಷವಾದದ್ದು, ಶಿಕ್ಷಕರ ಹುರುಪು ಮತ್ತು ಅವರು ದುಡಿಯುವ ಪರಿಸ್ಥಿತಿಯ ಮೂಲಕ ಹರಿಯುವಂಥದ್ದು ಎಂಬ ಅದೇ ಸಮೀಕ್ಷೆಯ ಮತ್ತೊಂದು ಮಾತಿಗೆ ಅಷ್ಟು ಗಮನ ಸಿಗಬೇಕಿತ್ತು.

ಮುಂದಿನದು ಬೇಗ ಹೇಳಬಹುದಾದ ಕಥೆ. ಮುಖ್ಯ ಶಿಕ್ಷಕರಾಗಲು ಕಾಲೇಜಿನ ಅರ್ಹತಾ ಪತ್ರ 2009ರಲ್ಲಿ ಕಡ್ಡಾಯವಾಯಿತು, 2012ರಲ್ಲಿ ಆ ಕಡ್ಡಾಯ ಹೋಯಿತು. 2013ರಲ್ಲಿ ಕಾಲೇಜನ್ನು ಇನ್ನೊಂದು ಸರ್ಕಾರಿ ಸಂಸ್ಥೆಯೊಡನೆ ಬೆಸೆದರು, 2018ರಲ್ಲಿ ಅದೂ ಮುಗಿಯಿತು. ಆದರೆ 2005ರ ಸೆಪ್ಟೆಂಬರಿನಿಂದ ಪ್ರತಿ ಶಿಕ್ಷಕರಿಗೂ ಖಾತರಿಯಾದ, ಪಾಠದ ವೇಳೆಯ ಶೇ 10ರಷ್ಟು ತಯಾರಿಯ ಹೊತ್ತು ಮತ್ತು ಆ ಐದು ಬೇಕರ್ ದಿನಗಳು ನಿಯಮದಲ್ಲಿ ಉಳಿದವು.

ನಮ್ಮಲ್ಲಿಗೂ ನಾಟಿಂಗ್‌ಹ್ಯಾಮಿನಿಂದ ದಾರಿಯಿದೆ. 2012ರಲ್ಲಿ ದೆಹಲಿಯ ಅಂದಿನ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ವಿಶ್ವವಿದ್ಯಾಲಯದಲ್ಲಿ (ನುಯೆಪಾ) ಹುಟ್ಟಿದ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ಈ ಕಾಲೇಜಿನ ಒಡನಾಟದಲ್ಲಿ ಬೆಳೆಯಿತು. ಕರ್ನಾಟಕದಲ್ಲಿ ಮುಖ್ಯ ಶಿಕ್ಷಕರ ನಾಯಕತ್ವ ತರಬೇತಿ ಧಾರವಾಡದ ಸರ್ಕಾರಿ ತರಬೇತಿ ಸಂಸ್ಥೆಯ ಪಾಲಿಗೆ ಬಂದಿದೆ. ಆದರೆ ಕೂಡಿ ಕಲಿಯುವುದನ್ನು ನಮ್ಮ ಶಿಕ್ಷಕರು ಅದಕ್ಕೂ ಮೊದಲೇ ಮಾಡಿ ತೋರಿಸಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಾರ್ಡು ಆಧಾರಿತ ಕಲಿಕೆಯನ್ನು ನೋಡಿ ಬಂದು, ಕೂತು ಚರ್ಚಿಸಿ, ಕನ್ನಡದಲ್ಲಿ ಕಲಿಕಾ ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕಿರಿಯ ಪ್ರಾಥಮಿಕ ತರಗತಿಗಳಿಗೆ ಹರಡಿದಾಗ ಉಳಿದ ಶಿಕ್ಷಕರ ಕೈಗೆ ಕಾರ್ಡುಗಳು ಸಿದ್ಧವಾಗಿ ಬಂದವು. ಹೆಗ್ಗಡದೇವನಕೋಟೆಯ ಶಿಕ್ಷಕರು ಅವನ್ನು ಬರೆಯುವಾಗ ಕಲಿತದ್ದನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸುವಂತಿರಲಿಲ್ಲ.

ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು ತುಂಬಿರುವ ನಮ್ಮ ಊರುಗಳಲ್ಲಿ ಕೂಡಿ ಕಲಿಯಲು ಶಾಲೆಯ ಒಳಗೆ ಜೊತೆ ಸಿಗುವುದಿಲ್ಲ. ಅದಕ್ಕೆ ಇರುವ ಜಾಗ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಸುತ್ತೋಲೆ ಓದಿ, ಅಂಕಿಅಂಶದ ನಮೂನೆ ಹಂಚಿ, ಬಿಸಿಯೂಟದ ಲೆಕ್ಕ ಕೇಳುವಷ್ಟರಲ್ಲಿ ಆ ದಿನ ಮುಗಿದರೆ, ಒಂದು ಪಾಠವನ್ನು ಹತ್ತು ಜನ ಕೂಡಿ ನೋಡುವುದು ಆಗುವುದೇ ಇಲ್ಲ. ನಮೂನೆ, ಲೆಕ್ಕಗಳನ್ನು ಬೇರೆ ದಿನಕ್ಕಿಟ್ಟು ಸಭೆಯ ಇಡೀ ದಿನವನ್ನು ಪಾಠಕ್ಕೆಂದು ಆದೇಶದಲ್ಲೇ ಕಾಯ್ದಿರಿಸಬೇಕು. ನಾಯಕತ್ವ ತರಬೇತಿ ಪಡೆದು ಬಂದ ಮುಖ್ಯ ಶಿಕ್ಷಕರಿಗೆ ತಮ್ಮ ಶಿಕ್ಷಕರನ್ನು ಅಲ್ಲಿಗೆ ಕಳಿಸುವ, ಅಂದಿನ ತರಗತಿಗಳನ್ನು ಹೊಂದಿಸುವ ಅಧಿಕಾರವನ್ನೂ ಅದೇ ಆದೇಶ ಕೊಡಬೇಕು.